ಪಾಪದ ಕುದುರೆ ಅಂತಾರೆ, ನಂಬುವುದು ಹೇಗೆ?

ನಮ್ಮ ದೇಶದ ಕಾನೂನು ಬರೆದವರಿಗೂ ಕುದುರೆ ವ್ಯಾಪಾರದ ಮೇಲೆ ಸ್ವಲ್ಪ ಗುಮಾನಿ ಇತ್ತು ಅಂತ ಕಾಣುತ್ತದೆ. 1872ರ ಭಾರತೀಯ ಕರಾರು ಕಾಯ್ದೆ ಉಂಟಲ್ಲ, ಅದರ 17ನೇ ಕಲಂನಲ್ಲಿ ಮೋಸ ಅಂದರೆ ಏನು ಎಂದು ಹೇಳಲು ಕೊಟ್ಟ ಉದಾಹರಣೆಯೇ ಕುದುರೆಯದ್ದು. ಕುದುರೆಗೆ ತೊಂದರೆ ಇದೆ ಎಂದು ಗೊತ್ತಿದ್ದೂ ಒಬ್ಬ ಹರಾಜಿನಲ್ಲಿ ಬಾಯಿ ಮುಚ್ಚಿಕೊಂಡು ಮಾರಿದರೆ ಅದು ಮೋಸ ಅಲ್ಲವಂತೆ. ಆದರೆ ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಅಂತಲೇ ತಿಳಿಯುತ್ತೇನೆ" ಎಂದು ಹೇಳಿ, ಆಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕೇಳದಿದ್ದರೆ ನಿಮ್ಮ ಹಣೆಬರಹ, ಕೇಳಿದರೆ ಅವನ ಜವಾಬ್ದಾರಿ.

ಈ ಕೇಳುವ ಕೆಲಸವೇ ನಮ್ಮ ಕಡೆ ಸರಿಯಾಗಿ ಆಗುವುದಿಲ್ಲ. ಏನು ಕೇಳಬೇಕು ಅಂತಲೇ ಗೊತ್ತಿಲ್ಲ. ಕಂಬಳದ ಕೋಣವಾದರೆ ಕಾಲು, ಬೆನ್ನು, ನಡಿಗೆ ನೋಡಿ ಜಾತಕ ಹೇಳುವವರು ಊರಲ್ಲಿ ಇಬ್ಬರಾದರೂ ಸಿಗುತ್ತಾರೆ. ಕುದುರೆ ಅಂದರೆ ಮಂಗಳೂರು, ಉಡುಪಿ ಕಡೆ ಹೆಚ್ಚಿನವರಿಗೆ ಗೊತ್ತಿರುವುದು ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸುವುದು, ಇಲ್ಲವೇ ಮದುವೆ ದಿಬ್ಬಣ. ಹಾಗಾಗಿ ಮಗಳು ಸವಾರಿ ಕ್ಲಾಸಿಗೆ ಹೋಗಿ ಬಂದು "ನಮ್ಮದೇ ಒಂದು ಬೇಕು" ಅಂದಾಗ ಅಪ್ಪ ಫೋನಿನಲ್ಲಿ ಫೋಟೋ ನೋಡುತ್ತಾರೆ, ಬಿಳಿ ಬಣ್ಣ ನೋಡುತ್ತಾರೆ, ಕಿವಿ ತುದಿ ಒಂದಕ್ಕೊಂದು ತಾಗುತ್ತದಾ ನೋಡುತ್ತಾರೆ, ಮತ್ತೆ ದಲ್ಲಾಳಿ "ಪಾಪದ ಕುದುರೆ ಸರ್, ಮಕ್ಕಳೂ ಕೂರ್ತಾರೆ" ಅಂದ ಕೂಡಲೇ ಅಡ್ವಾನ್ಸ್ ಹಾಕಿಬಿಡುತ್ತಾರೆ.

ಮಾರುವವರ ಅಂಗಳದಲ್ಲಿ ನೀವು ನೋಡುವ ಕುದುರೆ, ಮೂರು ತಿಂಗಳು ಕಳೆದು ನಿಮ್ಮ ಅಂಗಳದಲ್ಲಿ ಇರುವ ಕುದುರೆ, ಪ್ರಾಣಿ ಒಂದೇ ಆದರೂ ಸ್ವಭಾವ ಒಂದೇ ಇರುತ್ತದೆ ಅಂತ ಹೇಳಲು ಬರುವುದಿಲ್ಲ. ಕುದುರೆ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ, ಹಿಂಡಿನಲ್ಲಿ ಇದ್ದರೆ ಅದಕ್ಕೆ ಧೈರ್ಯ. ಅಲ್ಲಿ ಅದಕ್ಕೆ ಗೊತ್ತಿರುವ ಜಾಗ, ಪಕ್ಕದಲ್ಲಿ ಜೊತೆ ಕುದುರೆಗಳು, ದಿನಾ ನೋಡುವ ಕೈ, ದಿನಾ ಕೆಲಸ, ಅಳತೆಯ ಮೇವು. ನಿಮ್ಮಲ್ಲಿಗೆ ಬಂದಾಗ ಅದು ಒಂಟಿ. ಜಾಗ ಹೊಸತು, ಸವಾರ ಹೊಸಬ, ಪ್ರೀತಿ ಜಾಸ್ತಿಯಾಗಿ ಹುರುಳಿಯೂ ಜಾಸ್ತಿ, ಕೆಲಸ ಮಾತ್ರ ಭಾನುವಾರ ಒಂದು ಗಂಟೆ. ಕೊಳ್ಳುವ ಮೊದಲು ಮಾಡುವ ಎಲ್ಲ ಪರೀಕ್ಷೆಗಳೂ ಈ ವ್ಯತ್ಯಾಸ ಎಷ್ಟಾಗಬಹುದು ಎಂದು ಮೊದಲೇ ಅಂದಾಜು ಮಾಡಲಿಕ್ಕೆ.

ಮೊದಲು ವಯಸ್ಸು. ಎಳೆಯ ಕುದುರೆ ತಂದರೆ ಮಗುವಿನ ಜೊತೆಗೇ ಬೆಳೆಯುತ್ತದೆ ಅನ್ನುವ ಆಸೆ ಬಹಳ ಜನರಿಗೆ ಇರುತ್ತದೆ. ಇದು ಅಪಾಯದ ಆಸೆ. ಕಲಿಯದ ಸವಾರ, ಕಲಿಯದ ಕುದುರೆ, ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಗೊತ್ತಿರಬೇಕಲ್ವಾ? ಮೊದಲ ಕುದುರೆಗೆ 8ರಿಂದ 15 ವರ್ಷ ಒಳ್ಳೆಯ ವಯಸ್ಸು. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ದಾಟಿ ಬದುಕುತ್ತದೆ, ಹಾಗಾಗಿ 12 ಅಂದರೆ ಮುದಿ ಅಲ್ಲ. ಬೀಜ ತೆಗೆದ ಗಂಡು, ಅಂದರೆ ಗೆಲ್ಡಿಂಗ್, ಹೊಸಬರಿಗೆ ಒಳ್ಳೆಯದು. ಹೆಣ್ಣೂ ಆಗಬಹುದು, ಬೆದೆಗೆ ಬಂದಾಗ ಕೆಲವು ಸ್ವಲ್ಪ ಕಿರಿಕಿರಿ ಮಾಡುತ್ತವೆ ಅಷ್ಟೇ. ಬೀಜ ತೆಗೆಯದ ಗಂಡು ಕುದುರೆ ನೋಡಲು ಚೆಂದ, ಕತ್ತು ಎತ್ತಿ ನಿಂತರೆ ಕಣ್ಣು ಕೀಳಲಿಕ್ಕೆ ಆಗುವುದಿಲ್ಲ, ಆದರೆ ಮೊದಲ ಕುದುರೆಯಾಗಿ ಬೇಡವೇ ಬೇಡ.

ಇನ್ನು ತೂಕ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ಮೀರಬಾರದು ಅನ್ನುವುದು ಸಾಮಾನ್ಯ ಲೆಕ್ಕ. 350 ಕೆಜಿ ತೂಗುವ ಕುದುರೆಗೆ 70 ಕೆಜಿ. ಅದರಲ್ಲಿ ಜೀನಿಗೆ ಏಳೆಂಟು ಕೆಜಿ ಕಳೆಯಿರಿ. ಮಗಳಿಗೆ ಅಂತ ಗಿಡ್ಡ ಕುದುರೆ, ಅಂದರೆ ಪೋನಿ, ತಂದು ಸಂಜೆ ಅಪ್ಪನೂ ಹತ್ತುವ ಮನೆಗಳಲ್ಲಿ ಈ ಲೆಕ್ಕ ಯಾರೂ ಹಾಕುವುದಿಲ್ಲ.

ಎಲ್ಲಿಂದ ತರುವುದು ಅನ್ನುವುದರಲ್ಲೇ ಅರ್ಧ ವಿಷಯ ಇದೆ. ಬೆಂಗಳೂರು, ಮೈಸೂರಿನಲ್ಲಿ ರೇಸು ಬಿಟ್ಟ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸಿದ ತಳಿಯ, ಕುದುರೆಗಳು ಕಡಿಮೆ ದುಡ್ಡಿಗೆ ಸಿಗುತ್ತವೆ, ಕೆಲವೊಮ್ಮೆ ಬರೀ ಸಾಗಣೆ ಖರ್ಚಿಗೆ. ದಾಖಲೆ ಚೆನ್ನಾಗಿರುತ್ತದೆ, ಪುಣೆಯ ಸ್ಟಡ್ ಬುಕ್ ಅಥಾರಿಟಿಯಲ್ಲಿ ಹೆಸರು, ತಂದೆ ತಾಯಿ, ಹುಟ್ಟಿದ ದಿನ ಎಲ್ಲ ಇರುತ್ತದೆ, ಆದ್ದರಿಂದ ವಯಸ್ಸಿನ ವಿಷಯದಲ್ಲಿ ಯಾರೂ ಟೋಪಿ ಹಾಕಲಿಕ್ಕೆ ಆಗುವುದಿಲ್ಲ. ತೊಂದರೆ ಇರುವುದು ಕಲಿಕೆಯಲ್ಲಿ. ಅದಕ್ಕೆ ಕಲಿಸಿದ್ದು ಓಡಲು. ಲಗಾಮು ಬಿಗಿ ಹಿಡಿದರೆ ನಮಗೆ ಅದು ನಿಲ್ಲು, ರೇಸಿನ ಕುದುರೆಗೆ ಎಷ್ಟೋ ಸಲ ಅದೇ ಓಡು. ಹೆದರಿದ ಹೊಸಬರು ಮೊದಲು ಮಾಡುವುದೇ ಲಗಾಮು ಎಳೆಯುವುದು. ಮುಂದಿನದ್ದು ನೀವೇ ಊಹಿಸಿ. ಎರಡು ವರ್ಷಕ್ಕೇ ಓಡಲು ಶುರು ಮಾಡಿರುವುದರಿಂದ ಮುಂಗಾಲಿನ ಹಿಂಬದಿಯಲ್ಲಿ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಡಾಕ್ಟರು ಟೆಂಡನ್ ಅನ್ನುವುದು, ಪೆಟ್ಟು ತಿಂದಿರುವ ಸಾಧ್ಯತೆಯೂ ಜಾಸ್ತಿ. ಒಳ್ಳೆಯ ತರಬೇತುದಾರರ ಕೈಯಲ್ಲಿ ಒಂದೆರಡು ವರ್ಷ ಮರುಕಲಿಕೆ ಆಗಿದ್ದರೆ ಇವು ಬಂಗಾರದಂಥ ಕುದುರೆಗಳು. ನೇರ ರೇಸ್ ಕೋರ್ಸಿನಿಂದ ನಿಮ್ಮ ತೋಟಕ್ಕೆ ಬೇಡ.

ಮದುವೆ ಕುದುರೆಗೆ ನಾಸಿಕ್ ಬ್ಯಾಂಡು, ಪಟಾಕಿ, ಜನಜಂಗುಳಿ ಎಲ್ಲ ಅಭ್ಯಾಸ. ಆದರೆ ಅದರ ತಲೆಯ ಹತ್ತಿರ ಯಾವಾಗಲೂ ಒಬ್ಬ ಮನುಷ್ಯ ಇರುತ್ತಾನೆ. ಬೆನ್ನ ಮೇಲೆ ಕೂತವನ ಮಾತು ಅದು ಕೇಳಿದ್ದೇ ಇಲ್ಲ. ರಾಜಸ್ಥಾನದ ಪುಷ್ಕರ, ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಗಳಿಂದ ಬರುವ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳಲ್ಲಿ ಕುಣಿಯಲು ಕಲಿತವೂ ಇರುತ್ತವೆ. ವಿಡಿಯೋದಲ್ಲಿ ಅದು ಬಹಳ ಚೆಂದ, ಸವಾರಿಗೆ ಅದರಿಂದ ಉಪಕಾರ ಏನೂ ಇಲ್ಲ. ಮತ್ತೆ ಸುಳಿ. ಹಣೆಯ ಸುಳಿ, ಗಂಟಲ ಸುಳಿ ಅಂತ ಬೆಲೆ ಏರಿಸುವವರು, ಇಳಿಸುವವರು ಇದ್ದಾರೆ. ನಿಮಗೆ ನಂಬಿಕೆ ಇದ್ದರೆ ನೋಡಿ, ನಾನು ಬೇಡ ಅನ್ನುವುದಿಲ್ಲ, ಆದರೆ ಒಳ್ಳೆಯ ಸುಳಿಯ ಕುದುರೆಯೂ ಒದೆಯುತ್ತದೆ.

ನನ್ನ ಕೇಳಿದರೆ ಹೊಸಬರಿಗೆ ಒಳ್ಳೆಯ ಆಯ್ಕೆ, ಈಗಾಗಲೇ ಸವಾರಿ ಶಾಲೆಯಲ್ಲಿ ಹತ್ತಾರು ಜನ ಕೂತು ಕಲಿತ ಕುದುರೆ. ನೋಡಲು ಸಾಧಾರಣ ಇರುತ್ತದೆ. ಆದರೆ ಬ್ಯಾಲೆನ್ಸ್ ತಪ್ಪಿದ ಸವಾರನನ್ನು ಹೊತ್ತು ಅದಕ್ಕೆ ಅಭ್ಯಾಸ ಇರುತ್ತದೆ. ಎರಡನೆಯದು, ಮಕ್ಕಳು ಓದಲು ಬೇರೆ ಊರಿಗೆ ಹೋದರು ಅಂತ ಮಾರುವ ಮನೆಯ ಕುದುರೆ.

ಹೋಗುವ ಮೊದಲು ಫೋನಿನಲ್ಲೇ ಅರ್ಧ ಕೆಲಸ ಮುಗಿಸಬಹುದು. ಯಾಕೆ ಮಾರುತ್ತಿದ್ದೀರಿ, ನಿಮ್ಮ ಹತ್ತಿರ ಎಷ್ಟು ಸಮಯದಿಂದ ಇದೆ, ಕೊನೆಯ ಸಲ ಯಾರು ಯಾವಾಗ ಸವಾರಿ ಮಾಡಿದರು, ಯಾರನ್ನಾದರೂ ಬೀಳಿಸಿದೆಯಾ, ಹೊಟ್ಟೆನೋವು ಬಂದಿದೆಯಾ, ಕುಂಟಿದೆಯಾ, ಒಂಟಿಯಾಗಿ ಹೊರಗೆ ಹೋಗುತ್ತದಾ. ಮಾತಾಡಿದ ಮೇಲೆ ಇದೇ ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ, ಉತ್ತರ ಬರವಣಿಗೆಯಲ್ಲೇ ಬರಲಿ. ಫೋನಿನಲ್ಲಿ ಗಂಟೆಗಟ್ಟಲೆ ಹೊಗಳಿದವರು ಬರೆಯುವಾಗ "ಬಂದು ನೋಡಿ ಸರ್" ಅಂತ ಮಾತ್ರ ಹಾಕಿದರೆ ಅದೂ ಒಂದು ಉತ್ತರವೇ.

ನೋಡಲು ಹೋಗುವಾಗ ನಿಮ್ಮ ಸವಾರಿ ಗುರುವನ್ನೋ ಅನುಭವ ಇರುವ ಯಾರನ್ನಾದರೂ ಕರೆದುಕೊಂಡು ಹೋಗಿ, ಆ ವ್ಯಕ್ತಿಗೆ ಮಾರುವವರಿಂದ ಕಮಿಷನ್ ಇಲ್ಲ ಅನ್ನುವುದನ್ನು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ. "ನಾವು ಬರುವವರೆಗೆ ಕುದುರೆ ಲಾಯದಲ್ಲೇ ಇರಲಿ, ಜೀನು ಹಾಕಬೇಡಿ" ಎಂದು ಹೇಳಿ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಬೆನ್ನ ಮೇಲೆ ಒಣಗಿದ ಬೆವರಿನ ಗುರುತು ಇದ್ದರೆ ಬೆಳಿಗ್ಗೆಯೇ ಓಡಿಸಿ ಸುಸ್ತು ಮಾಡಿಟ್ಟಿದ್ದಾರೆ. ಕೆಳದುಟಿ ಜೋತುಬಿದ್ದು, ತಲೆ ತಗ್ಗಿಸಿ, ಕಣ್ಣು ಅರ್ಧ ಮುಚ್ಚಿಕೊಂಡು ಮಟಮಟ ಮಧ್ಯಾಹ್ನ ತೂಗುತ್ತಾ ನಿಂತಿದ್ದರೆ ಮತ್ತಿನ ಮದ್ದು ಕೊಟ್ಟಿರಬಹುದು. ಲಾಯದ ಬಾಗಿಲಿನ ಮರ ಕಚ್ಚಿ ಕಚ್ಚಿ ಸವೆದಿದೆಯಾ ನೋಡಿ, ಮರಕ್ಕೆ ಹಲ್ಲು ಊರಿ ಗಾಳಿ ನುಂಗುವ ಚಟ ಇರುವ ಕುದುರೆಗಳು ಇರುತ್ತವೆ. ಹಿಡಿಯಲು ಹೋದಾಗ ಹಿಂಬದಿ ತಿರುಗಿಸುತ್ತದಾ, ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದಾ, ಕಿವಿ ಮುಟ್ಟಿದರೆ ತಲೆ ಎಸೆಯುತ್ತದಾ, ಇದನ್ನೆಲ್ಲ ನಿಂತು ನೋಡಿ. ಮಾತು ಆಮೇಲೆ.

ಮತ್ತೆ ಕಾಲು. ಇಲ್ಲಿ ನಿಧಾನ ಮಾಡಿ. ಕಾಂಕ್ರೀಟ್ ಅಂಗಳದಲ್ಲೋ ಡಾಂಬರು ರಸ್ತೆಯಲ್ಲೋ ಕುದುರೆಯನ್ನು ಮೊದಲು ನಡೆಸಿ, ಆಮೇಲೆ ಟ್ರಾಟ್‌ನಲ್ಲಿ (ನಡಿಗೆಗಿಂತ ಜೋರು, ಪೂರ್ತಿ ಓಟವಲ್ಲ) ನೇರವಾಗಿ ಓಡಿಸಿ ತರಲು ಹೇಳಿ, ಹಗ್ಗ ಸಡಿಲ ಇರಬೇಕು. ತಲೆಯನ್ನು ಬಿಗಿಯಾಗಿ ಹಿಡಿದು ಓಡಿಸಿದರೆ ತಲೆ ಆಡುವುದು ಕಾಣುವುದಿಲ್ಲ, ನಿಮಗೆ ನೋಡಬೇಕಾದದ್ದೇ ಆ ತಲೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಲೆ ಕೆಳಗೆ ಹೋಗುತ್ತದೆ. ಹಿಂಗಾಲಿಗಾದರೆ ಹಿಂದೆ ನಿಂತು ನೋಡಿ, ಸೊಂಟದ ಎರಡು ಕಡೆಯೂ ಒಂದೇ ಸಮ ಏರಿ ಇಳಿಯಬೇಕು. ಕಣ್ಣಿಗೆ ಗೊತ್ತಾಗದಿದ್ದರೆ ಕಣ್ಣು ಮುಚ್ಚಿ ಲಾಳದ ಸದ್ದು ಕೇಳಿ, ಚೆಂಡೆಯ ಪೆಟ್ಟು ತಪ್ಪಿದ್ದು ಗೊತ್ತಾಗುವ ಕಿವಿಗೆ ಇದೂ ಗೊತ್ತಾಗುತ್ತದೆ. ಮುಂಗಾಲಿನ ಹಿಂಬದಿಯಲ್ಲಿ ಮೇಲಿನಿಂದ ಕೆಳಗೆ ಕೈ ಸವರಿ, ಎರಡೂ ಕಾಲು ಒಂದೇ ರೀತಿ ಇರಬೇಕು. ಒಂದರಲ್ಲಿ ಬಿಸಿ, ಉಬ್ಬು, ಬಾಗು ಸಿಕ್ಕಿದರೆ ಟೆಂಡನ್ನಿಗೆ ಪೆಟ್ಟು ಬಿದ್ದಿರಬಹುದು.

ಆಮೇಲೆ ನಾಲ್ಕೂ ಗೊರಸು ಎತ್ತಿ. ಇದು ಕಾಲಿನ ಪರೀಕ್ಷೆಯೂ ಹೌದು, ಗುಣದ ಪರೀಕ್ಷೆಯೂ ಹೌದು. ಅಡಿಯಲ್ಲಿ ತ್ರಿಕೋನದ ಮೆತ್ತಗಿನ ಭಾಗ ಇದೆಯಲ್ಲ, ಅದರ ಬದಿಯ ಸಂದಿಗೆ ಗೊರಸು ಕೆರೆಯುವ ಕೊಕ್ಕೆ ಹಾಕಿ ಮೂಸಿ ನೋಡಿ. ಕಪ್ಪು ಕೆಸರಿನ ಹಾಗೆ ಬಂದು ಕೊಳೆತ ವಾಸನೆ ಹೊಡೆದರೆ ಒದ್ದೆಯಲ್ಲಿ ನಿಲ್ಲಿಸಿದ್ದಾರೆ ಅಂತ ಅರ್ಥ. ಗೊರಸಿನ ಹೊರಗಿನ ಬಳೆಯಂಥ ಗೆರೆಗಳು ಮುಂದೆ ಹತ್ತಿರ ಹತ್ತಿರ, ಹಿಮ್ಮಡಿಯ ಕಡೆ ದೂರ ದೂರ ಇದ್ದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಗಿನ ಉರಿಯೂತ, ಹಿಂದೆ ಬಂದಿರಬಹುದು. ಒಮ್ಮೆ ಬಂದದ್ದು ಮತ್ತೆ ಬರುವುದು ಜಾಸ್ತಿ.

ಹಲ್ಲು ನೋಡಿ ವಯಸ್ಸು ಹೇಳುವುದು ಅಂದಾಜಿನ ವಿದ್ಯೆ, ಆದರೆ ದೊಡ್ಡ ಸುಳ್ಳು ಹಿಡಿಯಲು ಸಾಕು. ಮುಂದಿನ ಹಾಲುಹಲ್ಲುಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿ ಜೋಡಿಯಾಗಿ ಬಿದ್ದು 5ಕ್ಕೆ ಬಾಯಿ ತುಂಬುತ್ತದೆ. ಮೇಲಿನ ಸಾಲಿನ ಮೂಲೆಯ ಮುಂಹಲ್ಲಿನಲ್ಲಿ ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಕಂದು ಗೆರೆಯೊಂದು ಶುರುವಾಗುತ್ತದೆ. ಅದು ಅರ್ಧ ಹಲ್ಲಿನವರೆಗೆ ಬಂದರೆ 15ರ ಆಸುಪಾಸು, ಪೂರ್ತಿ ಇಳಿದರೆ 20. "ಏಳು ವರ್ಷ ಸರ್" ಅಂದ ಕುದುರೆಯ ಬಾಯಲ್ಲಿ ಈ ಗೆರೆ ಅರ್ಧ ಇಳಿದಿದ್ದರೆ ಮುಂದೆ ಅವರು ಹೇಳುವ ಬೇರೆ ಮಾತುಗಳಿಗೂ ಅದೇ ಬೆಲೆ ಕೊಡಿ.

ಸವಾರಿ ಮೊದಲು ಅವರೇ ಮಾಡಲಿ. ಅವರು ಹತ್ತಲು ಹಿಂದೆಮುಂದೆ ನೋಡಿದರೆ ನೀವು ಹತ್ತಬೇಡಿ, ಅಲ್ಲಿಂದಲೇ ಮನೆಗೆ ಬನ್ನಿ. ಅವರಾದ ಮೇಲೆ ನಿಮ್ಮ ಗುರು, ಕೊನೆಗೆ ನೀವು ಅಥವಾ ಮಗಳು, ಹೆಲ್ಮೆಟ್ ಹಾಕಿಕೊಂಡು. ಹತ್ತುವಾಗ ಸುಮ್ಮನೆ ನಿಲ್ಲುತ್ತದಾ? ನಡಿಗೆ, ಟ್ರಾಟ್, ಅದಕ್ಕಿಂತ ಜೋರಿನ ಕ್ಯಾಂಟರ್, ಮೂರರಲ್ಲೂ ಹೇಳಿದಾಗ ನಿಲ್ಲುತ್ತದಾ? ಅಂಗಳದ ಒಳಗೆ ಎಲ್ಲ ಸರಿಯಾದರೆ ಹೊರಗೆ ಕರೆದುಕೊಂಡು ಹೋಗಿ, ಜೊತೆ ಕುದುರೆ ಇಲ್ಲದೆ. ಲಾಯ ಬಿಟ್ಟು ಹೊರಟ ಕುದುರೆ ಗೇಟಿನ ಹತ್ತಿರ ಕಾಲು ಊರಿ ನಿಂತು ಹಿಂದೆ ಹಿಂದೆ ಹೋದರೆ, ಇಲ್ಲವೇ ಮುಂಗಾಲು ಎತ್ತಿ ನಿಂತರೆ, ಅದು ಹೊಸಬರ ಕುದುರೆ ಅಲ್ಲ. ವಾಪಸ್ ಬರುವಾಗ ಓಡಲು ಎಳೆಯುತ್ತದಾ ಅನ್ನುವುದನ್ನೂ ನೋಡಿ. ನಮ್ಮ ರಸ್ತೆಗಳಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನು ಇದೆ, ಅಷ್ಟಮಿ, ದಸರಾ ಬಂತೆಂದರೆ ಹುಲಿವೇಷದ ತಾಸೆ ಇದೆ, ಕೋಲದ ರಾತ್ರಿ ಗರ್ನಲ್ ಇದೆ. ಹೆದರದ ಕುದುರೆ ಇಲ್ಲ. ಮೈಸೂರು ದಸರಾಕ್ಕೆ ಮೊದಲು ಪೊಲೀಸ್ ಕುದುರೆಗಳಿಗೂ ಆನೆಗಳ ಜೊತೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ನೋಡಬೇಕಾದದ್ದು ಹೆದರಿದ ಮೇಲೆ ಏನು ಮಾಡುತ್ತದೆ ಅಂತ. ಒಮ್ಮೆ ಬೆಚ್ಚಿ, ನಿಂತು, ಕಿವಿ ನಿಮಿರಿಸಿ ನೋಡಿ ಮತ್ತೆ ನಡೆದರೆ ಒಳ್ಳೆಯ ಕುದುರೆ. ಬೆಚ್ಚಿ ಅರ್ಧ ಕಿಲೋಮೀಟರ್ ಓಡಿದರೆ ಹೆದ್ದಾರಿ 66ರ ಹತ್ತಿರ ಮನೆ ಇರುವವರು ಅದನ್ನು ಮರೆತುಬಿಡುವುದು ಒಳ್ಳೆಯದು. ಮನಸ್ಸಿಗೆ ಬಂದರೂ ಅವತ್ತೇ ಮಾತು ಮುಗಿಸಬೇಡಿ. ಇನ್ನೊಂದು ದಿನ, ಬೇರೆ ಹೊತ್ತಿಗೆ, ಹೇಳದೆ ಹೋಗಿ.

ಡಾಕ್ಟರು ಯಾರು? ಊರಿನ ದನದ ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಅವರ ಕೈ ಪಳಗಿರುವುದು ದನಗಳ ಮೇಲೆ. ಕುದುರೆ ನೋಡಿ ಅಭ್ಯಾಸ ಇರುವವರು ಬೆಂಗಳೂರು, ಮೈಸೂರಿನ ರೇಸ್ ಕೋರ್ಸಿನ ಸುತ್ತ ಸಿಗುತ್ತಾರೆ. ಹೆಬ್ಬಾಳ, ಹಾಸನ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲೂ ವಿಚಾರಿಸಿ. ಮಾರುವವರ ಡಾಕ್ಟರು ಬೇಡ, ನಿಮ್ಮ ಡಾಕ್ಟರನ್ನೇ ಕಳಿಸಿ. ಪೂರ್ತಿ ಪರೀಕ್ಷೆ ಅಂದರೆ ನಿಂತಲ್ಲಿ ಕಣ್ಣು, ಹಲ್ಲು, ಹೃದಯ ನೋಡಿ, ಓಡಿಸಿ, ಕೆಲಸ ಮಾಡಿಸಿ, ಸ್ವಲ್ಪ ವಿಶ್ರಾಂತಿ ಕೊಟ್ಟು, ಮತ್ತೆ ಓಡಿಸಿ ನೋಡುವುದು. ವಿಶ್ರಾಂತಿ ಆದ ಮೇಲೆ ಕುಂಟುವ ಕುದುರೆಗಳು ಇರುತ್ತವೆ, ಅದಕ್ಕೇ ಎರಡು ಸಲ. ಕಾಲನ್ನು ಒಂದು ನಿಮಿಷ ಮಡಚಿ ಹಿಡಿದು ಬಿಟ್ಟ ಕೂಡಲೇ ಓಡಿಸುವುದೂ ಒಂದು ಪರೀಕ್ಷೆ. ರಕ್ತ ತೆಗೆಯಲು ಹೇಳಿ. ಫಿನೈಲ್‌ಬ್ಯೂಟಜೋನ್ ಅನ್ನುವ ನೋವಿನ ಮದ್ದು ಕೊಟ್ಟರೆ ಕುಂಟು ಕುದುರೆಯೂ ಅವತ್ತು ನೆಟ್ಟಗೆ ನಡೆಯುತ್ತದೆ, ರಕ್ತದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಅದೇ ರಕ್ತದಲ್ಲಿ ಗ್ಲ್ಯಾಂಡರ್ಸ್ ಪರೀಕ್ಷೆಯೂ ಆಗಲಿ. ಇದನ್ನು ಹಗುರ ಮಾಡಬೇಡಿ. ಇದು ಮನುಷ್ಯರಿಗೂ ಹರಡುವ ರೋಗ, ಲಸಿಕೆ ಇಲ್ಲ, ಬಂದ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ಕಾನೂನು ಪ್ರಕಾರ ದಯಾಮರಣವೇ. ಇದರ ರಾಷ್ಟ್ರೀಯ ಪ್ರಯೋಗಾಲಯ ಹರಿಯಾಣದ ಹಿಸಾರಿನಲ್ಲಿರುವ ಕುದುರೆ ಸಂಶೋಧನಾ ಕೇಂದ್ರ. ಜಾತ್ರೆಯ ಕುದುರೆಗೆ ಈ ಪರೀಕ್ಷೆಯ ಕಾಗದ ಇಲ್ಲದಿದ್ದರೆ ಲಾರಿ ಹತ್ತಿಸಲೇಬೇಡಿ.

ಇಷ್ಟೆಲ್ಲ ಯಾವ ಊರಿನವರಿಗಾದರೂ ಹೇಳುವ ಮಾತು. ನಮ್ಮ ಕರಾವಳಿಯದ್ದು ಬೇರೆಯೇ ಉಂಟು.

ಕುದುರೆ ಮೈ ತಣಿಸುವುದು ಮುಖ್ಯವಾಗಿ ಬೆವರಿನಿಂದ. ಸೆಕೆ, ತೇವ ಎರಡೂ ಇರುವ ಕಡೆ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ, ಡಾಕ್ಟರು ಇದನ್ನು ಅನ್‌ಹೈಡ್ರೋಸಿಸ್ ಅನ್ನುತ್ತಾರೆ. ಬೆಂಗಳೂರಿನ ತಂಪಿನಲ್ಲಿ ಚೆನ್ನಾಗಿ ಬೆವರುತ್ತಿದ್ದ ಕುದುರೆ ಇಲ್ಲಿಯ ಒಂದು ಏಪ್ರಿಲ್-ಮೇ ಕಳೆಯುವಷ್ಟರಲ್ಲಿ ಒಣ ಮೈಯಲ್ಲಿ ನಾಯಿಯ ಹಾಗೆ ಏದುಸಿರು ಬಿಡುವುದು ಉಂಟು. ಖಾತ್ರಿಯ ಮದ್ದು ಇಲ್ಲ, ತಂಪಿನ ಊರಿಗೆ ಕಳಿಸುವುದೇ ದಾರಿ. ಹಾಗಾಗಿ ಗೋವಾ, ಕೇರಳ, ಚೆನ್ನೈ ಅಥವಾ ನಮ್ಮಲ್ಲೇ ಒಂದು ಬೇಸಿಗೆ ಕಳೆದ ಕುದುರೆ ಸಿಕ್ಕಿದರೆ ನಾಲ್ಕು ಕಾಸು ಜಾಸ್ತಿ ಕೊಡಿ. ಇಲ್ಲೇ ನೋಡುವುದಾದರೆ ಮಧ್ಯಾಹ್ನದ ಸೆಕೆಯಲ್ಲಿ ಅರ್ಧ ಗಂಟೆ ಕೆಲಸ ಮಾಡಿಸಿ ಕುತ್ತಿಗೆ, ತೊಡೆಸಂದಿ ಮುಟ್ಟಿ ನೋಡಿ. ಒದ್ದೆ ಇರಬೇಕು. ಆರಾಮದಲ್ಲಿ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ, ನೆರಳಲ್ಲಿ ನಿಂತು ಅರ್ಧ ಗಂಟೆಯಾದರೂ ಅದು ಇಳಿಯದಿದ್ದರೆ ಏನೋ ಸರಿ ಇಲ್ಲ.

ಮಳೆಗಾಲದ ನಾಲ್ಕು ತಿಂಗಳು ಗೊರಸಿಗೆ ಶತ್ರು. ಸೊಪ್ಪು ಹಾಸಿದ ದನದ ಹಟ್ಟಿಯಲ್ಲಿ ಕುದುರೆ ಕಟ್ಟಿದರೆ ಒಂದೇ ಆಟಿಯಲ್ಲಿ ಗೊರಸು ಕೊಳೆಯುತ್ತದೆ. ನೀರು ಇಳಿದುಹೋಗುವ ನೆಲ, ಮರದ ಹುಡಿಯ ಹಾಸು ಮೊದಲೇ ತಯಾರಿರಬೇಕು. ಲಾಳ ಹೊಡೆಯುವವರು ಆರು ವಾರಕ್ಕೊಮ್ಮೆ ಎಲ್ಲಿಂದ ಬರುತ್ತಾರೆ ಎಂದು ಕುದುರೆ ಬರುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೇವಿನಲ್ಲಿ ದನದ ಬುದ್ಧಿ ನಡೆಯುವುದಿಲ್ಲ. 400 ಕೆಜಿ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣ ಹುಲ್ಲು ಬೇಕು, ಹಸಿಯಾದರೆ 30-40 ಕೆಜಿ. ನಮ್ಮ ತೋಟಗಳಲ್ಲಿ ಇರುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಸುಣ್ಣದ ಅಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ. ಅದೊಂದನ್ನೇ ಹಾಕಿ, ಮೇಲಿಂದ ಬೂಸ ಕೊಟ್ಟರೆ ಕೆಲವು ತಿಂಗಳಲ್ಲಿ ದವಡೆ ಊದಿ ಕುದುರೆ ಕುಂಟುತ್ತದೆ. ದನದ ಪಶು ಆಹಾರದ ಚೀಲವನ್ನಂತೂ ಹತ್ತಿರವೂ ತರಬೇಡಿ. ಕೆಲವು ಪಶು ಆಹಾರದಲ್ಲಿ ಇರುವ ಮೊನೆನ್ಸಿನ್ ದನಕ್ಕೆ ಒಳ್ಳೆಯದು, ಕುದುರೆಗೆ ವಿಷ, ಹೃದಯ ನಿಲ್ಲಿಸುತ್ತದೆ. ಇನ್ನು ಬೀಚಿನ ಕುದುರೆ ಕೊಳ್ಳುವುದಾದರೆ ಸಣ್ಣದೊಂದು ಪರೀಕ್ಷೆ ಇದೆ, ಖರ್ಚಿಲ್ಲ. ಬಿಸಿ ಲದ್ದಿ ಐದಾರು ಉಂಡೆ ಬಕೆಟ್ಟಿನಲ್ಲಿ ಹಾಕಿ, ನೀರು ತುಂಬಿ, ಕೈಯಲ್ಲಿ ಪುಡಿ ಮಾಡಿ ಕಾಲು ಗಂಟೆ ಬಿಡಿ. ನಾರು ತೇಲುತ್ತದೆ. ನೀರು ಮೆಲ್ಲಗೆ ಚೆಲ್ಲಿ ತಳ ಮುಟ್ಟಿದರೆ ಬೆರಳಿಗೆ ಮರಳು ಸಿಗುತ್ತದಾ ನೋಡಿ. ಮರಳಿನ ಮೇಲೆ ಹುಲ್ಲು ಹಾಕಿ ಸಾಕಿದ ಕುದುರೆಯ ಕರುಳಲ್ಲಿ ಮರಳು ಕೂತು ಹೊಟ್ಟೆನೋವು ಬರುತ್ತದೆ. ತಳದಲ್ಲಿ ಮರಳು ಇಲ್ಲ ಅಂದ ಮಾತ್ರಕ್ಕೆ ಹೊಟ್ಟೆಯಲ್ಲಿ ಇಲ್ಲ ಎಂದಲ್ಲ, ಇದ್ದರೆ ಮಾತ್ರ ಖಂಡಿತ ಎಚ್ಚರಿಕೆ.

ಕಾಗದಕ್ಕೆ ಬರುವಾಗ ವ್ಯಾಪಾರಿ ಮತ್ತು ಖಾಸಗಿ ಮಾಲೀಕರ ನಡುವೆ ವ್ಯತ್ಯಾಸ ಇದೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಪ್ರಕಾರ, ಮಾರುವುದೇ ಕಸುಬಾಗಿರುವವರಿಗೆ ನೀವು "ಹೊಸದಾಗಿ ಕಲಿಯುವ ಮಗಳ ಸವಾರಿಗೆ ಬೇಕು, ನಿಮ್ಮ ಮಾತು ನಂಬಿ ತೆಗೆದುಕೊಳ್ಳುತ್ತಿದ್ದೇವೆ" ಎಂದು ಉದ್ದೇಶ ಹೇಳಿ ಕೊಂಡರೆ, ಕುದುರೆ ಅದಕ್ಕೆ ತಕ್ಕದಾಗಿರಬೇಕು. ಮನೆಯವರು ತಮ್ಮ ಒಂದು ಕುದುರೆ ಮಾರಿದರೆ ಈ ರಕ್ಷಣೆ ಇಲ್ಲ. ಮತ್ತೆ ಕರಾರು ಕಾಯ್ದೆಯ 19ನೇ ಕಲಂನಲ್ಲಿ ಒಂದು ಕೊಕ್ಕೆ ಇದೆ. ಅವರು ಸುಮ್ಮನಿದ್ದು ಮೋಸ ಮಾಡಿದರೂ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ನಿಮಗೇ ತಿಳಿಯುತ್ತಿತ್ತು ಅಂತಾದರೆ ವ್ಯಾಪಾರ ರದ್ದು ಮಾಡಲು ಬರುವುದಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ವಯಸ್ಸು, ಗುರುತು, ಕುಂಟು ಇಲ್ಲ, ಮದ್ದು ಕೊಟ್ಟಿಲ್ಲ, ಯಾರಿಗೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆಸಿ ಸಹಿ ಹಾಕಿಸಿ. ಎರಡು ವಾರ ಇಟ್ಟುಕೊಂಡು ನೋಡಿ ವಾಪಸ್ ಕೊಡುವ ಒಪ್ಪಂದಕ್ಕೆ ಕೇಳಿ, ಕೆಲವರು ಒಪ್ಪುತ್ತಾರೆ. ರಕ್ತದ ರಿಪೋರ್ಟ್ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ.

ಘಾಟಿ ಇಳಿಸುವಾಗ ಪಶುವೈದ್ಯರ ಪ್ರಮಾಣಪತ್ರ ಲಾರಿಯಲ್ಲಿ ಇರಬೇಕು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್, ಶಿರಾಡಿಯ ತಿರುವುಗಳಲ್ಲಿ ಕುದುರೆ ಇಡೀ ದಾರಿ ಕಾಲು ಬಿಗಿ ಹಿಡಿದು ನಿಂತಿರುತ್ತದೆ. ತಲೆ ಎತ್ತರಕ್ಕೆ ಕಟ್ಟಿ ತಂದರೆ ಕಫ ಇಳಿಯದೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ, ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ತಲೆ ಇಳಿಸಿ, ನೀರು ಕುಡಿಸಲು ಡ್ರೈವರಿಗೆ ಮೊದಲೇ ಹೇಳಿಡಿ. ಬಂದ ಮೇಲೆ ಒಂದು ವಾರ ದಿನಾ ಎರಡು ಹೊತ್ತು ಜ್ವರ ನೋಡಿ, 38.3 ಡಿಗ್ರಿ ಸೆಲ್ಸಿಯಸ್ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಹಳೆಯ ಮನೆಯಿಂದ ಎರಡು ಮೂರು ಚೀಲ ಅದು ತಿನ್ನುತ್ತಿದ್ದ ಮೇವನ್ನೇ ಕೇಳಿ ತನ್ನಿ, ಹೊಸ ಹುಲ್ಲನ್ನು ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ. ಅಷ್ಟರವರೆಗೆ ನೆಂಟರಿಷ್ಟರು ಬಂದು ಹತ್ತಿ ಫೋಟೋ ತೆಗೆಸಿಕೊಳ್ಳುವುದು ಬೇಡ.